ಮೌನೇಶಪ್ಪನ ಕೈಯ ಎರಡು ನಕಲು

ಆಟಿಕೆ ಮಾಡಿದವರಿಗೆ ತಾವು ಮಾಡಿದ್ದು ಔಷಧ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹತ್ತು ಪಟ್ಟು ಬೆಲೆ ಇಡುತ್ತಿದ್ದರು, ಆ ಮಾತು ಬೇರೆ.

ಟಿಕ್ಲೊ ಎಂಬುದು ಎರಡೂ ಕೈಯಲ್ಲಿ ಹಿಡಿದು ಆಡುವ ಆಟದ ಡಬ್ಬಿ. ನಡುವೆ ಪರದೆ, ಎರಡು ಬದಿಗೆ ಅಂಗೈಗೆ ಒಪ್ಪುವ ಹಿಡಿಕೆ. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಆಡುವವನ ಕೈ ಅಲುಗಿ ಗುರಿ ತಪ್ಪಬಾರದೆಂದು ಕಂಪನಿಯವರು ಆ ಹಿಡಿಕೆಗಳಲ್ಲಿ ಒಂದು ಚಮತ್ಕಾರ ಇಟ್ಟಿದ್ದರು. ಆಡುವವನ ಕೈ ಹೇಗೆ ಅಲುಗುತ್ತದೆಂದು ಡಬ್ಬಿ ದಿನದಿನಕ್ಕೂ ಕಲಿಯುತ್ತಿತ್ತು. ಅಲುಗುವ ಮೊದಲೇ ಊಹಿಸಿ, ಚರ್ಮದಡಿಯ ನರಕ್ಕೆ ಎದುರು ದಿಕ್ಕಿನ ಸಣ್ಣ ಜುಮುಜುಮು ಕಳಿಸಿ, ಆ ಅಲುಗಾಟವನ್ನು ಹುಟ್ಟಿದಲ್ಲೇ ಅಡಗಿಸುತ್ತಿತ್ತು. ಹುಡುಗರು ನಾಲ್ಕು ದಿನ ಆಡಿದರು, ಬೇಜಾರಾಗಿ ಬಿಟ್ಟರು. ಆಮೇಲೆ ಯಾರದೋ ಮನೆಯಲ್ಲಿ ಕಂಪವಾತದ ಅಜ್ಜನೊಬ್ಬ ಹೊತ್ತು ಹೋಗದೆ ಮೊಮ್ಮಗನ ಟಿಕ್ಲೊ ಹಿಡಿದು ಕೂತ. ದಿನಾ ಆಡಿದ. ಕೆಲವು ವಾರ ಕಳೆದ ಮೇಲೆ ನೋಡಿದರೆ, ಒಂದು ತಾಸು ಆಡಿ ಕೆಳಗಿಟ್ಟರೆ ಸಂಜೆಯವರೆಗೂ ಅವನ ಕೈ ನಡುಗುತ್ತಿರಲಿಲ್ಲ.

ಅಟ್ಟದ ಮೇಲೆ ಎಸೆದಿದ್ದ ಟಿಕ್ಲೊಗಳು ಧೂಳು ಕೊಡವಿಕೊಂಡು ಕೆಳಗಿಳಿದವು. ಪಾರ್ಕಿನ ಬೆಂಚುಗಳ ಮೇಲೆ ಎಪ್ಪತ್ತು ದಾಟಿದವರು ಸಾಲಾಗಿ ಕೂತು ರಾಕ್ಷಸರನ್ನು ಹೊಡೆದುರುಳಿಸುವುದನ್ನು ಕಂಡು ಜನ ನಕ್ಕರು. ನಕ್ಕವರೇ ಮರುದಿನ ತಮ್ಮ ಮನೆಯವರಿಗೂ ಒಂದು ಸಿಗುತ್ತದೆಯೇ ಎಂದು ಹುಡುಕಿಕೊಂಡು ಹೋದರು. ವೈದ್ಯರು ಮೊದಮೊದಲು ಮೂಗು ಮುರಿದರು. ಆಮೇಲೆ ಮೆಲ್ಲಗೆ, ಸಿಕ್ಕರೆ ಹಿಡಿದು ನೋಡಿ, ನಷ್ಟವೇನಿಲ್ಲ ಎನ್ನತೊಡಗಿದರು.

ಅಷ್ಟು ಹೊತ್ತಿಗೆ ಕಂಪನಿ ಮುಳುಗಿತ್ತು. ಮುಳುಗಿದ್ದು ತಾನೊಂದೇ ಮುಳುಗಿದ್ದರೆ ಚಿಂತೆಯಿರಲಿಲ್ಲ. ಕಳವಿನ ಮಾಲು ಯಾರೂ ಆಡಬಾರದೆಂದು ಅವರು ಪ್ರತಿ ಡಬ್ಬಿಗೂ ಒಂದು ಗಡುವು ಕೂಡಿಸಿದ್ದರು. ಆ ಗಡುವಿನೊಳಗೆ ಡಬ್ಬಿ ಕಂಪನಿಯ ಸರ್ವರಿನೊಡನೆ ಮಾತಾಡಿ ಹೊಸ ಒಪ್ಪಿಗೆ ಪಡೆಯಬೇಕು. ಪಡೆಯದಿದ್ದರೆ ಕೊನೆಯ ವಾರ ಆಟ ನಿಲ್ಲಿಸಿ ಬರೀ ಎಣಿಕೆ ತೋರಿಸುತ್ತದೆ. ಎಣಿಕೆ ಮುಗಿದ ಕೂಡಲೆ ತನ್ನ ಸಿಸ್ಟಮ್ ಮೆಮೊರಿಯನ್ನು ಒರೆಸಿಕೊಂಡು, ಕಾರ್ಖಾನೆಯಿಂದ ಈಗಷ್ಟೇ ಬಂದ ಹಾಗೆ ಕಣ್ಣು ಬಿಡುತ್ತದೆ. ಒಪ್ಪಿಗೆ ಕೊಡುವ ಸರ್ವರು ಈಗ ಯಾವ ಗುಜರಿಯಲ್ಲಿತ್ತೋ ದೇವರಿಗೇ ಗೊತ್ತು.

ಗದಗಿನ ಸರಾಫ ಓಣಿಯ ಮೌನೇಶಪ್ಪ ಪತ್ತಾರನ ಟಿಕ್ಲೊ ಅವತ್ತು ಸಂಜೆ ಆರಕ್ಕೆ ಒರೆಸಿಕೊಳ್ಳುವುದಿತ್ತು.

ಒರೆಸಿದರೆ ಮತ್ತೆ ಕಲಿಯಲಿ ಎನ್ನುವ ಹಾಗಿರಲಿಲ್ಲ. ಮೌನೇಶಪ್ಪನ ಬಲಗೈಯ ಕಿರುಬೆರಳು ಮೊದಲ ಸಲ ಅದುರಿದಾಗಲೇ ಮಗಳು ವನಜಾ ಅದನ್ನು ತಂದು ಅವನ ಕೈಗಿಟ್ಟಿದ್ದಳು. ಆಗ ಅವನ ಕೈಯಲ್ಲಿ ನೂರು ಪಾಲು ಅಕ್ಕಸಾಲಿಗನ ಕೆಲಸ, ಒಂದು ಪಾಲು ನಡುಕ. ಯಾವುದು ಅವನು ಬೇಕೆಂದು ಮಾಡಿದ ಚಲನೆ, ಯಾವುದು ರೋಗದ್ದು ಎಂದು ಬೇರೆ ಮಾಡಿ ಕಲಿಯಲು ಡಬ್ಬಿಗೆ ಸಾಧ್ಯವಾಗಿತ್ತು. ರೋಗ ಬೆಳೆದಂತೆ ಅದೂ ಹಿಂದೆಯೇ ಬೆಳೆಯಿತು. ಈಗ ಡಬ್ಬಿ ಬಿಟ್ಟರೆ ಕೈಯಲ್ಲಿ ನಡುಕವಲ್ಲದೆ ಬೇರೇನೂ ಕಾಣುವುದಿಲ್ಲ. ಅವನ ಹಳೆಯ ಕೈ ಜಗತ್ತಿನಲ್ಲಿ ಉಳಿದಿದ್ದು ಆ ಡಬ್ಬಿಯ ಮೆಮೊರಿ ಚಿಪ್ಪಿನಲ್ಲಿ ಮಾತ್ರ. ಆ ಚಿಪ್ಪಿನ ಬೀಗವೋ, ಆಯಾ ಡಬ್ಬಿಗೇ ಮೀಸಲು. ಒಂದರದ್ದು ಕಿತ್ತು ಇನ್ನೊಂದಕ್ಕೆ ಹಾಕಿದರೆ ಕೆಲಸಕ್ಕೆ ಬಾರದು.

ವನಜಾ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು, ಆಟದ ಡಬ್ಬಿ ರಿಪೇರಿ ಮಾಡುತ್ತಿದ್ದಳು. ಬೆಳಗಿನಿಂದ ಅಂಗಡಿಗೆ ಅರ್ಧ ಷಟರ್ ಎಳೆದು, ಅಪ್ಪನನ್ನು ಸ್ಟೂಲಿನ ಮೇಲೆ ಕೂಡಿಸಿ, ಟಿಕ್ಲೊದ ಬೆನ್ನು ಬಿಚ್ಚಿ, ಕೂದಲೆಳೆಯಂಥ ಐದು ತಂತಿ ಬೆಸೆದು, ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು ಕೂತಿದ್ದಳು. ಫೋನಿನ ಸ್ಪೀಕರಿನಲ್ಲಿ ಮಂಗಳೂರಿನ ಡೆನ್ಜಿಲ್ ಲೋಬೊ ಇದ್ದ. ಇಬ್ಬರೂ ಮುಖ ನೋಡಿದವರಲ್ಲ. ಟಿಕ್ಲೊದ ಬೀಗ ತೆಗೆದು, ಸಿಸ್ಟಮ್ ಮೆಮೊರಿಯನ್ನು ನಕಲು ಮಾಡಿಕೊಂಡು, ಅದರಲ್ಲಿನ ಗಡುವನ್ನು ತಿದ್ದಿ, ಮತ್ತೆ ಅಲ್ಲೇ ಬರೆಯುವ ಟೂಲನ್ನು ಕೆಲಸ ಮುಗಿಸಿ ಬಂದ ಮೇಲೆ ಮನೆಯಲ್ಲಿ ಕೂತು ಬರೆದವನು ಅವನೇ. ಟೂಲಿನ ಹೆಸರು ಕೊಕ್ಕೆ. ಹಣ ಕೇಳುತ್ತಿರಲಿಲ್ಲ. ಯಾರು ಕರೆದರೂ ಫೋನ್ ಎತ್ತುತ್ತಿದ್ದ.

ಕೊಕ್ಕೆಯ ಕಟ್ಟುಪಾಡು ಒಂದೇ. ಮೆಮೊರಿಯನ್ನು ಎರಡು ಸಲ ಓದಬೇಕು. ಎರಡು ನಕಲೂ ಅಕ್ಷರಕ್ಕಕ್ಷರ ಒಂದೇ ಆಗಿದ್ದರೆ ಮಾತ್ರ ಅದು ತಿದ್ದಿ ಬರೆಯುತ್ತದೆ. ಒಂದು ಚುಕ್ಕೆ ಆಚೀಚೆಯಾದರೂ ಕೆಂಪು ಸಾಲು ತೋರಿಸಿ ನಿಂತುಬಿಡುತ್ತದೆ. ಒಂದು ಸಲ ಓದಲು ಅರ್ಧ ತಾಸು. ಅಷ್ಟು ಹೊತ್ತೂ ಡಬ್ಬಿಯ ಒಡೆಯನ ಎರಡೂ ಅಂಗೈ ಹಿಡಿಕೆಯ ಮೇಲಿರಬೇಕು. ಕೈ ಬಿಟ್ಟರೆ ಬೀಗ ಬೀಳುತ್ತದೆ.

ಬೆಳಗಿನಿಂದ ಎಲ್ಲವೂ ಕೆಂಪೇ.

ಮೊದಲು ತಂತಿ ಸಡಿಲವಿರಬೇಕೆಂದು ಡೆನ್ಜಿಲ್ ಹೇಳಿದ. ವನಜಾ ಐದನ್ನೂ ಕಿತ್ತು ಮತ್ತೆ ಬೆಸೆದಳು. ಆಮೇಲೆ ಕೇಬಲ್ ಮೇಲೆ ಅನುಮಾನ ಬಂತು, ಗಿಡ್ಡನೆಯದು ಹಾಕಿದಳು. ಬ್ಯಾಟರಿ ಇಳಿದಿರಬಹುದೆಂದು ಹೊರಗಿನಿಂದ ಕರೆಂಟು ಕೊಟ್ಟಳು. ಚಿಪ್ಪು ಬಿಸಿಯಾಗಿ ತೊದಲುತ್ತಿರಬಹುದೆಂದು ಸಣ್ಣ ಫ್ಯಾನು ತಿರುಗಿಸಿದಳು. ಓದುವ ವೇಗ ಅರ್ಧಕ್ಕಿಳಿಸಿ ನೋಡೋಣವೆಂದರೆ ಅಷ್ಟು ಹೊತ್ತು ಎಲ್ಲಿಂದ ತರುವುದು. ಮಧ್ಯಾಹ್ನವಾಗುತ್ತ ಬಂದಾಗ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಎರಡು ಸಲ ಓದುವ ಕಟ್ಟುಪಾಡನ್ನೇ ಕಿತ್ತುಹಾಕಿದ ಕೊಕ್ಕೆಯೊಂದನ್ನು ಕಳಿಸಿಬಿಡು, ಇದ್ದ ಒಂದು ನಕಲನ್ನೇ ತಿದ್ದಿ ಬರೆದುಬಿಡುತ್ತೇನೆ, ಆದದ್ದಾಗಲಿ ಎಂದು ಕೇಳಿದಳು.

ಡೆನ್ಜಿಲ್ ಅವಳನ್ನು ತಡೆದ. "ಹಾಗೆ ಮಾಡಿ ಒಬ್ಬರದ್ದು ಹೋಗಿದೆ ವನಜಾ ಅವ್ರೆ. ಮತ್ತೆ ಎದ್ದೇ ಇಲ್ಲ ಅದು. ಕಳಿಸು ಅಂದ್ರೆ ಕಳಿಸ್ತೇನೆ, ಆದ್ರೆ ಅಪ್ಪನ ಹತ್ರ ಒಮ್ಮೆ ಕೇಳಿ."

ಅಪ್ಪ ಅಲ್ಲೇ ಇದ್ದ. ಕೆಳಗಿನ ತುಟಿ ಕಚ್ಚಿಕೊಂಡು, ಅದುರುವ ಎರಡೂ ಕೈಯನ್ನು ಹಿಡಿಕೆಗೆ ಒತ್ತಿಕೊಂಡು ಕೂತಿದ್ದ. "ಎರಡ ತೂಕ ಕೂಡಲಿಲ್ಲಂದ್ರ ಬಂಗಾರ ಕುಲುಮಿಗೆ ಹಾಕಬಾರದವ್ವಾ," ಎಂದ. "ಇದೂ ಹಂಗ. ಹಾಳಾದ್ರ ಆರಕ್ಕ ತಾನ ಹಾಳಾಗಲಿ. ನಿನ್ನ ಕೈಯಿಂದ ಬ್ಯಾಡ."

ಅದನ್ನು ಕೇಳಿ ವನಜಾಳ ಕಣ್ಣು ತುಂಬಿ ಬಂದವು. ಸಿಟ್ಟೂ ಬಂತು. ಷಟರ್ ಎಳೆದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅಪ್ಪನನ್ನು ಆಟೋದಲ್ಲಿ ಮನೆಗೆ ಕರೆತಂದಳು.

ಸರಾಫ ಓಣಿ ಅಂದರೆ ಎರಡು ಬದಿಗೂ ಬಂಗಾರದ ಕೆಲಸದ ಪತ್ತಾರರ ಮನೆಗಳು. ಕೆಳಗೆ ಅಂಗಡಿ, ಹಿಂದೆ ಅಡುಗೆಮನೆ. ಬೆಳಗಿನಿಂದ ದೀಪ ಹಚ್ಚುವವರೆಗೆ ಸುತ್ತಿಗೆಗಳ ಟಣಟಣ ಸಪ್ಪಳ. ಮೌನೇಶಪ್ಪನ ಹೆಂಡತಿ ನೀಲವ್ವ ರೊಟ್ಟಿ, ಬದನೇಕಾಯಿ ಪಲ್ಯ ಬಡಿಸಿ, ಗಂಡನಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಆಟ ನಿಂತ ಮೊದಲ ದಿನ ಬಿಟ್ಟರೆ ಮತ್ತೆ ಅವನ ಕೈಗೆ ತಟ್ಟೆ ಕೊಟ್ಟಿರಲಿಲ್ಲ. ಆ ದಿನ ಕೊಟ್ಟಾಗ ಸಾರೆಲ್ಲ ಎದೆಯ ಮೇಲೆ ಸುರಿದು, ಅವನು ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಅದನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿ ಆಡಿರಲಿಲ್ಲ.

ವನಜಾ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಸರಿಸುತ್ತ ಬೆಳಗಿನ ನಕಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಳು. ಬೆಳಗಿನಿಂದ ಕೆಂಪು ಸಾಲನ್ನು ನೋಡಿ ಬೈದದ್ದೇ ಬಂತು. ವ್ಯತ್ಯಾಸ ಎಲ್ಲಿದೆ ಎಂದು ನೋಡಿರಲಿಲ್ಲ. ತಂತಿ ಕೆಟ್ಟಿದ್ದರೆ ತಪ್ಪುಗಳು ಚೆಲ್ಲಿದ ರಾಗಿಯ ಹಾಗೆ ಎಲ್ಲೆಂದರಲ್ಲಿ ಬೀಳಬೇಕಿತ್ತು. ಹಾಗಿರಲಿಲ್ಲ. ಎಲ್ಲಾ ಸಲವೂ ಒಂದೇ ಜಾಗ. ಉಳಿದ ಇಡೀ ಮೆಮೊರಿ ಒಂದು ಕೂದಲೆಳೆಯೂ ಅಲುಗದೆ ಹಾಗೇ ಇತ್ತು; ನಡುವೆ ಒಂದು ಪಟ್ಟಿ ಮಾತ್ರ ಪ್ರತಿ ಓದಿಗೂ ಬೇರೆಯಾಗಿತ್ತು. ಅಪ್ಪ ತುಟಿ ಕಚ್ಚಿಕೊಂಡು ಕೂತ ಹೊತ್ತಿನ ನಕಲಿನಲ್ಲಿ ಅತಿ ಹೆಚ್ಚು.

ಆ ಪಟ್ಟಿಯಲ್ಲಿ ಏನಿರುತ್ತದೆ ಎಂದು ಡೆನ್ಜಿಲ್‌ಗೆ ಫೋನ್ ಮಾಡಿ ಕೇಳಿದಳು. ಆಡುವವರ ಕೈಯ ಕಲಿಕೆ ಅಲ್ಲಿರುತ್ತದೆ ಎಂದು ಅವನು ಹೇಳಿ ಮುಗಿಸುವ ಮೊದಲೇ ಇಬ್ಬರಿಗೂ ಹೊಳೆದುಹೋಯಿತು. ಆಟ ನಿಂತಿದೆ, ಕಲಿಯುವುದು ನಿಂತಿಲ್ಲ. ಬೀಗ ತೆಗೆಯಲೆಂದು ಅಪ್ಪ ಹಿಡಿಕೆ ಹಿಡಿದಿದ್ದಾನೆ. ಹಿಡಿದಷ್ಟು ಹೊತ್ತೂ ನಡುಗುತ್ತಿದ್ದಾನೆ. ನಡುಗಿದಷ್ಟೂ ಡಬ್ಬಿ ಹೊಸದನ್ನು ಬರೆದುಕೊಳ್ಳುತ್ತಿದೆ. ಇತ್ತ ಓದುತ್ತಿದ್ದರೆ ಅತ್ತ ಬದಲಾಗುತ್ತಿದೆ. ಇಲ್ಲಿಯತನಕ ಕೊಕ್ಕೆ ಗೆದ್ದದ್ದೆಲ್ಲ ಗಟ್ಟಿ ಕೈಯ ಹುಡುಗರ ಡಬ್ಬಿಗಳಲ್ಲಿ. ನಡುಗುವ ಕೈಯವರದ್ದೆಲ್ಲ ಕೆಂಪಾಗಿ, ಚಿಪ್ಪು ಕೆಟ್ಟಿದೆಯೆಂದು ಅವರೆಲ್ಲ ಕೈಚೆಲ್ಲಿದ್ದರು. ಯಾರಿಗಾಗಿ ಬೇಕಿತ್ತೋ ಅವರಿಗೇ ಕೊಕ್ಕೆ ಎಟುಕುತ್ತಿರಲಿಲ್ಲ.

"ಹಾಗಾದ್ರೆ ಒಂದು ತಾಸು ಅವರ ಕೈ ನಡುಗಬಾರ್ದು," ಎಂದ ಡೆನ್ಜಿಲ್. ಅವನ ದನಿ ಇಳಿದಿತ್ತು. "ಅದು ಎಲ್ಲಿಂದ ಆಗ್ಬೇಕು ಮಾರಾಯ್ರೆ. ನಿಲ್ಲಿಸುದಕ್ಕೆ ಇರುವುದೇ ಆ ಡಬ್ಬಿ."

ಮಾತ್ರೆಯ ವಿಷಯ ಬಂತು; ಮಾತ್ರೆ ನಡುಕ ತಗ್ಗಿಸುತ್ತಿತ್ತು, ನಿಲ್ಲಿಸುತ್ತಿರಲಿಲ್ಲ. ವನಜಾ ತಲೆಯ ಮೇಲೆ ಕೈಹೊತ್ತು ಕೂತಳು. ನೀಲವ್ವ ತುತ್ತು ಕೈಯಲ್ಲಿ ಹಿಡಿದುಕೊಂಡೇ ಇವರ ಮಾತು ಕೇಳುತ್ತಿದ್ದಳು.

"ನಿದ್ದಿಯೊಳಗ ಎಲ್ಲಿ ನಡಗತಾವ ಇವರ ಕೈ?" ಎಂದಳು.

ವನಜಾ ತಲೆಯೆತ್ತಿದಳು.

"ನಾ ದಿನಾ ಹಿಡಕೊಂಡು ನೋಡತೀನಲ್ಲ," ಎಂದಳು ನೀಲವ್ವ. ಅಂದ ಮೇಲೆ ಮಗಳ ಮುಂದೆ ಅಂದೆನಲ್ಲ ಎಂದು ನಾಚಿ, ಇದ್ದ ತುತ್ತನ್ನು ಗಂಡನ ಬಾಯಿಗೆ ತುರುಕಿದಳು. ಮೌನೇಶಪ್ಪ ಅಗಿಯುವುದನ್ನು ಮರೆತು ಅವಳನ್ನೇ ನೋಡಿದ. ಅವನಿಗೆ ಇದು ಗೊತ್ತೇ ಇರಲಿಲ್ಲ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆಯಿದ್ದವನಿಗೆ, ಅದರಲ್ಲೂ ಬೇಗ ಮಲಗು, ನಿನ್ನ ನಿದ್ದೆಯ ಮೇಲೇ ಎಲ್ಲಾ ನಿಂತಿದೆ ಎಂದು ಹೇಳಿಸಿಕೊಂಡವನಿಗೆ, ನಿದ್ದೆ ಹೇಗೆ ಬರಬೇಕು? ನಡುಮನೆಯಲ್ಲಿ ಹಾಸಿಗೆ ಹಾಸಿ, ಪಕ್ಕದಲ್ಲಿ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಟಿಕ್ಲೊವನ್ನು ಅವನ ಎದೆಯ ಮೇಲಿಟ್ಟು, ಎರಡೂ ಕೈಯನ್ನು ಹಿಡಿಕೆಗೆ ಸೇರಿಸಿ ನೀಲವ್ವ ಹಳೆಯ ಸೀರೆಯ ಪಟ್ಟಿ ಸುತ್ತಿ ಕಟ್ಟಿದಳು. ಮೌನೇಶಪ್ಪ ಕಣ್ಣು ಮುಚ್ಚಿದ. ತೆರೆದ. ಸೂರು ನೋಡಿದ. ಎಷ್ಟಾಯಿತು ಎಂದು ಕೇಳಿದ. ವನಜಾ ಹೇಳಲಿಲ್ಲ.

ನಿದ್ದೆಗುಳಿಗೆ ಕೊಡುವ ಯೋಚನೆ ಬಂದಿತ್ತು. ಇವನ ಮಾತ್ರೆಗಳ ಜೊತೆ ಅದು ಕೂಡದೆಂದು ವೈದ್ಯರು ಹಿಂದೆಯೇ ಹೇಳಿದ್ದರಿಂದ ಬಿಟ್ಟರು. ನೀಲವ್ವ ತನ್ನದೇ ದಾರಿ ಹಿಡಿದಳು. ಬೆಳಿಗ್ಗೆಯೇ ಮಾಡಿಟ್ಟಿದ್ದ ಎರಡು ಹೋಳಿಗೆಯನ್ನು ಬಿಸಿ ಹಾಲು, ತುಪ್ಪದಲ್ಲಿ ನೆನೆಸಿ ಬಾಯಿಗಿಟ್ಟಳು. ಗೆದ್ದರೆ ಹಬ್ಬ, ಸೋತರೆ ಸಮಾಧಾನ ಎಂದು ಮಾಡಿದ್ದಳಂತೆ; ಈಗ ಎರಡೂ ಆಗುವ ಮೊದಲೇ ಖರ್ಚಾದವು. ಆಮೇಲೆ ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಟ್ಟತೊಡಗಿದಳು. ಕೂಸಿಗೆ ಮಾಡಿದ ಹಾಗೆ ಮಾಡುತ್ತೀಯಲ್ಲ ಎಂದು ಅವನು ಗೊಣಗಿದ. ಕೂಸೇ ಆಗಿದ್ದರೆ ಇಷ್ಟು ಹೊತ್ತಿಗೆ ಮಲಗಿರುತ್ತಿತ್ತು ಎಂದಳು ಅವಳು.

ಮನೆ ಸುಮ್ಮನಾಯಿತು. ಹೊರಗೆ ಓಣಿಯ ಟಣಟಣ. ಸ್ವಲ್ಪ ಹೊತ್ತಿಗೆ ಮೌನೇಶಪ್ಪನ ಉಸಿರು ಉದ್ದವಾಯಿತು. ವಾರವಿಡೀ ನಿದ್ದೆಗೆಟ್ಟ ದೇಹ, ಮೇಲೆ ತುಪ್ಪ. ಸೀರೆಯ ಪಟ್ಟಿಯೊಳಗೆ ಅದುರುತ್ತಿದ್ದ ಬೆರಳುಗಳು ನಿಧಾನವಾದವು, ಬಿಟ್ಟು ಬಿಟ್ಟು ಒಮ್ಮೊಮ್ಮೆ ಅದುರಿದವು, ಆಮೇಲೆ ನಿಂತೇಬಿಟ್ಟವು. ವನಜಾ ಬಾಯಿಗೆ ಕೈ ಒತ್ತಿಕೊಂಡಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಆಟವಿಲ್ಲದೆ ಅಪ್ಪನ ಕೈ ಹೀಗೆ ತೆಪ್ಪಗೆ ಇದ್ದುದನ್ನು ಅವಳು ಇವತ್ತೇ ಕಂಡದ್ದು. ಕೊಕ್ಕೆಗೆ ಓದಲು ಹೇಳಿದಳು.

ಮೊದಲ ನಕಲು ಮುಗಿಯಿತು. ಎರಡನೆಯದು ಶುರುವಾಯಿತು. ಗಡಿಯಾರ ಮೂರರ ಹತ್ತಿರ ಬರುತ್ತಿತ್ತು, ಹೊತ್ತು ಬೇಕಾದಷ್ಟಿತ್ತು. ವನಜಾಳ ಎದೆ ಸ್ವಲ್ಪ ಹಗುರಾಗಿ, ಡೆನ್ಜಿಲ್‌ಗೆ ಒಂದು ಸಾಲು ಬರೆದು ಕಳಿಸಿದಳು.

ಆಗ ಮೌನೇಶಪ್ಪ ಹುಬ್ಬು ಗಂಟಿಕ್ಕಿದ. ತಲೆ ಆ ಕಡೆ ಹೊರಳಿಸಿದ. ಕಿರುಬೆರಳು ಒಮ್ಮೆ ಅದುರಿತು. ನೀಲವ್ವ ಅವನ ನೆತ್ತಿ ತಟ್ಟಿದಳು, ಫ್ಯಾನಿನ ವೇಗ ತಗ್ಗಿಸಿದರು, ಕಿಟಕಿಗೆ ಚಾದರ ಹಾಕಿದರು. ಏನೂ ನಡೆಯಲಿಲ್ಲ. ಬೆರಳುಗಳು ಒಂದೊಂದಾಗಿ ಎಚ್ಚರಗೊಂಡು, ಕೊನೆಗೆ ಅವನು ಗಾಬರಿಯಿಂದ ಕಣ್ಣು ಬಿಟ್ಟು, ಕಟ್ಟಿದ ಕೈಯಲ್ಲೇ ಏಳಲು ನೋಡಿದ.

"ಯಾರ ತೀರಿಕೊಂಡ್ರು?" ಎಂದ.

ಕೆಂಪು ಸಾಲು ಬಂತು. ವನಜಾ ಅಪ್ಪನಿಗೆ ಕೆಟ್ಟ ಕನಸು ಬಿದ್ದಿರಬೇಕೆಂದುಕೊಂಡಳು. ಮರುಕ್ಷಣ ಹೊರಗೆ ಕಿವಿಗೊಟ್ಟಳು. ಹೊರಗೆ ಸಪ್ಪಳವೇ ಇರಲಿಲ್ಲ. ಅಷ್ಟು ಉದ್ದದ ಓಣಿಯಲ್ಲಿ ಒಂದೇ ಒಂದು ಸುತ್ತಿಗೆ ಬೀಳುತ್ತಿರಲಿಲ್ಲ.

ಸರಾಫ ಓಣಿಯಲ್ಲಿ ಹಗಲು ಹೊತ್ತು ಸುತ್ತಿಗೆಗಳೆಲ್ಲ ಒಟ್ಟಿಗೆ ನಿಲ್ಲುವುದು ಒಂದೇ ಕಾರಣಕ್ಕೆ. ಓಣಿಯ ಯಾರಾದರೂ ಸತ್ತರೆ, ಹೆಣ ಎತ್ತುವವರೆಗೆ ಯಾವ ಮನೆಯಲ್ಲೂ ಕಬ್ಬಿಣ ಮುಟ್ಟುವುದಿಲ್ಲ. ಮೌನೇಶಪ್ಪ ಹುಟ್ಟಿದ್ದು ಈ ಓಣಿಯಲ್ಲಿ. ತೊಟ್ಟಿಲಲ್ಲಿ ಮಲಗಿದಾಗಿನಿಂದ ಅವನ ಮಧ್ಯಾಹ್ನದ ನಿದ್ದೆ ಈ ಟಣಟಣದೊಳಗೇ ಆದದ್ದು. ಸಪ್ಪಳಕ್ಕೆ ಅವನು ಏಳುವವನಲ್ಲ, ಸಪ್ಪಳ ನಿಂತರೆ ಏಳುವವನು.

ವನಜಾ ಹೊಸ್ತಿಲು ದಾಟಿ ಹೊರಗೋಡಿದಳು. ಪಕ್ಕದ ಅಂಗಡಿಯ ರಾಚಪ್ಪ ಕಟ್ಟೆಯ ಮೇಲೆ ನಿಂತು, ಆಚೆ ಅಂಗಡಿಯವನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಮೌನೇಶಪ್ಪ ಮಲಗಿದರೆ ಕೆಲಸ ಆಗುತ್ತದಂತೆ ಎಂಬ ಸುದ್ದಿ ಹೇಗೋ ಅವನಿಗೆ ತಲುಪಿ, ಪಾಪ, ಮನೆಮನೆಗೆ ಹೋಗಿ ಎಲ್ಲರ ಸುತ್ತಿಗೆಯನ್ನೂ ಕೆಳಗಿಡಿಸಿ ಬಂದಿದ್ದ. ವನಜಾಳನ್ನು ಕಂಡು, ಹೇಗಿದೆ ನನ್ನ ಏರ್ಪಾಟು ಎನ್ನುವ ಹಾಗೆ ತಲೆದೂಗಿದ. ಉಪಕಾರ ಮಾಡಬಂದವನನ್ನು ಬೈಯುವುದು ಹೇಗೆ? ಬೈಗುಳ ನಾಲಿಗೆಯ ತುದಿಗೆ ಬಂದಿತ್ತು.

"ಕಾಕಾ, ಸುತ್ತಿಗಿ ಹಿಡೀರಿ," ಎಂದಳು, ಏದುಸಿರಿನಲ್ಲಿ. "ಎಲ್ಲಾರಿಗೂ ಹೇಳ್ರಿ. ಅಪ್ಪಗ ಓಣ್ಯಾಗ ಯಾರೋ ಸತ್ತಾರಂತ ಎಚ್ಚರಾತು."

ರಾಚಪ್ಪನ ಮುಖ ಸಣ್ಣದಾಯಿತು. ಒಳಗೆ ಹೋಗಿ ಸುತ್ತಿಗೆ ಎತ್ತಿಕೊಂಡು ಖಾಲಿ ಅಡೆಗಲ್ಲಿನ ಮೇಲೆ ಹೊಡೆಯತೊಡಗಿದ. ಎದುರಿನವನು ಕೇಳಿ ತಾನೂ ಹೊಡೆದ. ಸಪ್ಪಳ ಒಂದು ಅಂಗಡಿಯಿಂದ ಇನ್ನೊಂದಕ್ಕೆ ದಾಟಿ ಓಣಿಯ ಕೊನೆ ಮುಟ್ಟಿತು.

ಒಳಗೆ ಮೌನೇಶಪ್ಪ, ಯಾರೂ ಸತ್ತಿಲ್ಲ ಎಂದು ನೀಲವ್ವ ನಾಲ್ಕು ಸಲ ಆಣೆ ಮಾಡಿದ ಮೇಲೆ, ಮತ್ತೆ ತಲೆ ಊರಿದ್ದ. ಆದರೆ ಎಚ್ಚರಗೊಂಡ ಗಳಿಗೆಯಲ್ಲಿ ಕೈ ಜೋರಾಗಿ ನಡುಗಿ, ಡಬ್ಬಿ ಅದನ್ನೆಲ್ಲ ಬರೆದುಕೊಂಡಿತ್ತು. ಮೊದಲ ನಕಲು ಈಗ ಹಳತು. ಎರಡನ್ನೂ ಮೊದಲಿನಿಂದ ತೆಗೆಯಬೇಕು. ಬರೆಯಲು ಒಂದು ಓದಿನ ಮೂರು ಪಟ್ಟು ಹೊತ್ತು ಹಿಡಿಯುತ್ತದೆಂದು ಡೆನ್ಜಿಲ್ ಬೆಳಿಗ್ಗೆಯೇ ಹೇಳಿದ್ದ. ಲೆಕ್ಕ ಹಾಕಿದರೆ ಆರಕ್ಕೆ ಅಂಚಿನಲ್ಲಿ ಮುಟ್ಟುತ್ತಿತ್ತು, ಅದೂ ಅಪ್ಪ ಈಗಿಂದೀಗ ನಿದ್ದೆ ಮಾಡಿದರೆ.

ಅವನು ಈಗಿಂದೀಗ ಮಾಡಲಿಲ್ಲ. ಅತ್ತ ಹೊರಳಿದ, ಇತ್ತ ನೋಡಿದ. ಬಾಯಾರಿಕೆ ಎಂದ. ವನಜಾ ಗೋಡೆಯ ಕಡೆ ತಿರುಗಿ ಕೂತಳು, ತನ್ನ ಮುಖ ಕಂಡರೆ ಅವನ ನಿದ್ದೆ ಇನ್ನೂ ದೂರ ಓಡುತ್ತದೆಂದು. ದೇವರನ್ನು ನೆನೆದಳು, ಕಂಪನಿಯವರ ವಂಶವನ್ನು ಶಪಿಸಿದಳು, ಮತ್ತೆ ದೇವರನ್ನು ನೆನೆದಳು. ಹಿಂದಿನಿಂದ ಉದ್ದನೆಯ ಉಸಿರು ಕೇಳಿಸಿದಾಗ ನಂಬದೆ ಅವ್ವನ ಕಡೆ ನೋಡಿದಳು. ಅವ್ವ ಅಪ್ಪನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡು ಕೂತಿದ್ದಳು. ಕಣ್ಣಲ್ಲೇ ಹೂಂ ಎಂದಳು.

ಒಂದು ನಕಲು. ಹೊರಗೆ ರಾಚಪ್ಪ ಮೈಮೇಲೆ ಬಂದವನ ಹಾಗೆ ಹೊಡೆಯುತ್ತಿದ್ದ. ಅವನ ಅಡೆಗಲ್ಲಿನ ಮೇಲೆ ಗುಂಜಿ ಬಂಗಾರವೂ ಇರಲಿಲ್ಲ. ಎರಡನೇ ನಕಲು. ಪರದೆಯ ಮೇಲಿನ ಪಟ್ಟಿ ತುಂಬುತ್ತ ಬಂದು, ಕೊನೆಯ ಇಷ್ಟೇ ಇಷ್ಟಕ್ಕೆ ಬಂದು ನಿಂತಂತಾಗಿ, ಮತ್ತೆ ಸರಿಯಿತು. ಕೊಕ್ಕೆ ಎರಡನ್ನೂ ಹೋಲಿಸಿತು.

ಹಸಿರು ಸಾಲು ಬಂತು. ವನಜಾ ಅದನ್ನು ಮೂರು ಸಲ ಓದಿದಳು. ಖುಷಿಪಡಲು ಹೊತ್ತಿರಲಿಲ್ಲ, ಬರೆಯುವ ಗುಂಡಿ ಒತ್ತಿ, ಡೆನ್ಜಿಲ್‌ಗೆ ಫೋನ್ ಮಾಡಿ, ಹಸಿರು ಎಂದಷ್ಟೇ ಹೇಳಿ ಪಕ್ಕದಲ್ಲಿಟ್ಟಳು.

ಬರೆಯುವಾಗ ಕೈ ನಡುಗಿದರೆ ಅಡ್ಡಿಯಿಲ್ಲ, ಹೊರಗಿನಿಂದ ಬರೆಸಿಕೊಳ್ಳುವಾಗ ಡಬ್ಬಿ ತಾನಾಗಿ ಏನನ್ನೂ ಬರೆದುಕೊಳ್ಳಲಾರದು. ಅಂಗೈ ಮಾತ್ರ ಹಿಡಿಕೆ ಬಿಡಬಾರದು. ಬಿಟ್ಟರೆ ಅರ್ಧ ಬರೆದ ಮೆಮೊರಿ ಹಾಗೇ ಹೆಪ್ಪುಗಟ್ಟಿ, ಆರು ಗಂಟೆಯೂ ಬೇಡ, ಅಲ್ಲಿಗೇ ಎಲ್ಲಾ ಮುಗಿಯುತ್ತದೆ. ಮುಕ್ಕಾಲು ಭಾಗ ಬರೆದಾಗ ಮೌನೇಶಪ್ಪ ಎಚ್ಚರಾದ. ಈ ಸಲ ಗಾಬರಿಯಾಗಲಿಲ್ಲ. ಕಣ್ಣಷ್ಟೇ ತೆರೆದು, ಪರದೆ ನೋಡಿ, ಮಗಳ ಮುಖ ನೋಡಿ, ಏನು ನಡೆಯುತ್ತಿದೆ ಎಂದು ತಿಳಿದುಕೊಂಡು ಕಲ್ಲಿನ ಹಾಗೆ ಮಲಗಿಯೇ ಇದ್ದ. ಮೈ ಅವನ ಮಾತು ಕೇಳಿತು. ಕೈ ಕೇಳಲಿಲ್ಲ. ನಡುಕ ಮರಳಿ ಬಂದು ಜೋರಾಯಿತು, ಬೆವರಿಗೆ ಅಂಗೈ ಜಾರಿತು, ಸೀರೆಯ ಪಟ್ಟಿ ಎಡಗೈಯಲ್ಲಿ ಸಡಿಲಾಗತೊಡಗಿತು. ಮತ್ತೆ ಕಟ್ಟಲು ಬಿಚ್ಚುವಂತಿಲ್ಲ. ನೀಲವ್ವ ಮುಂದೆ ಬಾಗಿ ತನ್ನ ಎರಡೂ ಕೈಯಿಂದ ಅವನ ಎರಡೂ ಕೈಯನ್ನು ಹೊರಗಿನಿಂದ ಅಪ್ಪಿ ಒತ್ತಿ ಹಿಡಿದಳು. ಅವನ ನಡುಕ ಅವಳ ಮೊಣಕೈವರೆಗೆ ಹತ್ತಿತು, ಬಳೆಗಳು ಗಲಗಲ ಎಂದವು. ಅವಳು ಬಿಡಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಹಾಗೇ ಇದ್ದರು. ವನಜಾ ನೋಡಬಾರದ್ದನ್ನು ನೋಡಿದಂತಾಗಿ ಪರದೆಯ ಕಡೆಗೇ ಕಣ್ಣು ನೆಟ್ಟಳು.

ಪಟ್ಟಿ ತುಂಬಿತು. ಟಿಕ್ಲೊ ಕಪ್ಪಾಯಿತು.

ಕಪ್ಪಾಗಿಯೇ ಇತ್ತು. ಆರಕ್ಕೆ ಇನ್ನು ಕೆಲವೇ ನಿಮಿಷ. ಆಮೇಲೆ ಕಂಪನಿಯ ಹೆಸರು ಮೂಡಿತು, ವಾರದಿಂದ ಕಾಣದ ಆಟಗಳ ಸಾಲು ಮೂಡಿತು, ಎಣಿಕೆ ತೋರಿಸುತ್ತಿದ್ದ ಮೂಲೆ ಖಾಲಿಯಿತ್ತು. ಹಿಡಿಕೆಗಳು ಸಣ್ಣಗೆ ಗುಂಯ್ ಎಂದವು. ಒಲೆಯಿಂದ ಇಳಿಸಿದ ಹಾಲಿನ ಹಾಗೆ ಮೌನೇಶಪ್ಪನ ಕೈಯ ನಡುಕ ತಗ್ಗುತ್ತ ತಗ್ಗುತ್ತ ಕೂತಿತು. ನೀಲವ್ವ ತನ್ನ ಕೈ ಮೆಲ್ಲಗೆ ಬಿಟ್ಟು ನೋಡಿದಳು. ಕೂತೇ ಇತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಜೋರಾಗಿಯೇ ಅತ್ತಳು.

ಫೋನಿನಲ್ಲಿ ಡೆನ್ಜಿಲ್ ಆಗಿನಿಂದಲೂ ಕಾಯುತ್ತಿದ್ದ. ಅಳುವನ್ನು ಕೇಳಿ ಅವನು ಬೇರೆಯೇ ಅರ್ಥ ಮಾಡಿಕೊಂಡು, ಕ್ಷಮಿಸಿ, ನನ್ನ ಟೂಲಿನಲ್ಲೇ ಏನೋ ತಪ್ಪಿರಬೇಕು ಎಂದು ಹೇಳತೊಡಗಿದ. ವನಜಾ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಆದದ್ದನ್ನೆಲ್ಲ ಹೇಳಿದಳು. ಓಣಿ ಸುಮ್ಮನಾದದ್ದು, ಸುತ್ತಿಗೆ ಮತ್ತೆ ಹಿಡಿಸಿದ್ದು, ಎಲ್ಲಾ.

ನಿದ್ದೆಯಲ್ಲಿ ಕೈ ಒಂದು ಸಲವೂ ಅದುರಲಿಲ್ಲವೇ ಎಂದು ಅವನು ಕೇಳಿದ. ಇಲ್ಲ ಎಂದಳು ಅವಳು.

"ನಮ್ಮ ಅಮ್ಮನ ಡಬ್ಬಿಯ ಗಡುವು ನಾಳೆ ಮಧ್ಯಾಹ್ನ ಉಂಟು," ಎಂದ ಡೆನ್ಜಿಲ್. "ನಾನು ಏಳೆಂಟು ಸಲ ಓದಿದೆ. ಎಲ್ಲಾ ಕೆಂಪು. ಚಿಪ್ಪೇ ಹೋಗಿದೆ ಅಂತ ಬಿಟ್ಟಿದ್ದೆ."

ಇಷ್ಟು ದಿನ ಅವನು ಅದನ್ನು ಹೇಳಿರಲಿಲ್ಲ. ವನಜಾ ಕೇಳಿಯೂ ಇರಲಿಲ್ಲ. ಊರಿಗೆಲ್ಲ ಕೊಕ್ಕೆ ಹಂಚುವವನು ಇದನ್ನು ಯಾರಿಗಾಗಿ ಬರೆದಿರಬಹುದು ಎಂದು ಒಮ್ಮೆಯೂ ತೋಚಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಿದ್ದೆಯಲ್ಲಿ ಓದಬೇಕು, ಕೈ ಕಟ್ಟಬೇಕು ಎಂದು ಗಡಿಬಿಡಿಯಲ್ಲಿ ಹೇಳತೊಡಗಿದಳು.

ಮೌನೇಶಪ್ಪ ಟಿಕ್ಲೊ ಹಿಡಿದುಕೊಂಡೇ ಎದ್ದು ಕೂತು, ಫೋನಿನ ಕಡೆ ಬಾಗಿದ.

"ತಮ್ಮಾ," ಎಂದ. "ಅದೆಲ್ಲಾ ಇರಲಿ. ನಿಮ್ಮವ್ವ ಯಾವ ಸಪ್ಪಳದಾಗ ನಿದ್ದಿ ಮಾಡತಾರ?"

ಡೆನ್ಜಿಲ್ ಗೊತ್ತಿಲ್ಲ ಎಂದ. ಕುರ್ಚಿ ಸರಿದ ಸದ್ದು ಬಂತು, ಬಾಗಿಲು ತೆರೆದ ಸದ್ದು ಬಂತು. ಆಮೇಲೆ ಅವನು ಯಾವುದೋ ಕೋಣೆಯ ಕಡೆ ನಡೆಯುತ್ತ ಕೊಂಕಣಿಯಲ್ಲಿ ಅಮ್ಮನನ್ನು ಕೂಗುವುದು ಗದಗಿನ ನಡುಮನೆಯವರೆಗೆ ಕೇಳಿಸಿತು.